ಎರಡು ಚೆಕ್‌ಪೋಸ್ಟಿನ ನಡುವೆ ಬಂದ ಹೆರಿಗೆ: ಕೊಲ್ಲಿ ನಾಡಿನ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಖಜಾಂಚಿಗಳೇ, ಸಂಘದ ಎಲ್ಲ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ನವೆಂಬರ್ ಬಂತೆಂದರೆ ದುಬೈ, ಶಾರ್ಜಾ, ಅಬುಧಾಬಿ, ಮಸ್ಕತ್, ದೋಹಾ, ಬಹರೈನ್, ಕುವೈತ್, ಎಲ್ಲ ಕಡೆಯಿಂದ ರಾಜ್ಯೋತ್ಸವದ ಕರೆಯೋಲೆಗಳು ನನ್ನ ಫೋನಿಗೆ ಬಂದು ಬೀಳುತ್ತವೆ. ಊರಿನಿಂದ ಹಾಡುಗಾರರು ಬರುತ್ತಾರೆ, ಹಾಸ್ಯದವರು ಬರುತ್ತಾರೆ, ಕೆಲವೊಮ್ಮೆ ಚಂಡೆ ಮದ್ದಳೆ ಸಮೇತ ಯಕ್ಷಗಾನದ ತಂಡವೇ ವಿಮಾನ ಇಳಿಯುತ್ತದೆ. ಬಾಳೆಲೆಯ ಊಟಕ್ಕೆ ಸಾಲು ನಿಲ್ಲುತ್ತದೆ. ಆ ಸಾಲಿನಲ್ಲಿ ನಾನೂ ನಿಂತವಳು, ಹೋಳಿಗೆಗೆ ಎರಡನೆಯ ಸಲ ಕೈಯೊಡ್ಡಿದವಳು. ಅದರ ಬಗ್ಗೆ ನನ್ನ ತಕರಾರೇನೂ ಇಲ್ಲ. ನಾನು ಕೇಳಬೇಕೆಂದಿರುವುದು ಬೇರೆ. ನಿಮ್ಮ ಸಂಘಗಳ ಸದಸ್ಯರಲ್ಲಿ ಹೆಚ್ಚಿನವರು ಮದುವೆಯಾಗಿ ಸಂಸಾರ ಹೂಡಿರುವ ವಯಸ್ಸಿನವರು. ಹೀಗಿದ್ದೂ ಬಸುರಿ, ಬಾಣಂತಿ, ಹಸುಗೂಸಿನ ವಿಷಯ ನಿಮ್ಮ ಕಾರ್ಯಸೂಚಿಯಲ್ಲಿ ಯಾಕೆ ಇಲ್ಲ?

ನಾನು ಪುತ್ತೂರು ಕಡೆಯ ನರ್ಸು. ಒಮಾನಿನ ಬಾತಿನಾ ಕರಾವಳಿಯ ಒಂದು ಆಸ್ಪತ್ರೆಯಲ್ಲಿ, ಹುಟ್ಟಿದ ಕೂಸುಗಳನ್ನು ನೋಡಿಕೊಳ್ಳುವ ಎನ್‌ಐಸಿಯು ವಿಭಾಗದಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿ ಈಗ ಊರಿಗೆ ಬಂದು ಕೂತಿದ್ದೇನೆ. ಬಾತಿನಾ ಎಂದರೆ ಯುಎಇ ಗಡಿಯಿಂದ ಮಸ್ಕತ್ತಿನ ಕಡೆಗೆ ಸಮುದ್ರಕ್ಕೆ ಅಂಟಿಕೊಂಡು ಹೋಗುವ ಬಯಲುಪಟ್ಟಿ. ಹತ್ತಾ ಮೇಲಿನಿಂದಲೋ ಕಲ್ಬಾ ಮೇಲಿನಿಂದಲೋ ಗಡಿ ದಾಟಿದವರಿಗೆ ಮೊದಲು ಸಿಗುವುದೇ ಶಿನಾಸ್, ಸೊಹಾರ್ ಈ ಕಡೆಯ ಊರುಗಳು. ಹಾಗಾಗಿ ದಾರಿಯಲ್ಲಿ ಕೆಟ್ಟ ಕಾರುಗಳು ಅಲ್ಲಿಯ ಗ್ಯಾರೇಜುಗಳಿಗೆ ಬರುವಂತೆ, ದಾರಿಯಲ್ಲಿ ಶುರುವಾದ ಹೆರಿಗೆಗಳು ನಮ್ಮಲ್ಲಿಗೆ ಬರುತ್ತಿದ್ದವು. ಈದ್ ರಜೆಯ ವಾರದಲ್ಲಂತೂ ನಾವು ಒಂದು ಬೆಡ್ ಹೆಚ್ಚಿಗೆ ಸಿದ್ಧ ಮಾಡಿಟ್ಟುಕೊಳ್ಳುತ್ತಿದ್ದೆವು.

ಅಂಥ ಒಂದು ಈದ್ ರಜೆಯಲ್ಲಿ ಬಂದವರು ಹಾಸನ ಜಿಲ್ಲೆಯ ಗಂಡ ಹೆಂಡತಿ. ಹೆಸರು ಬೇಡ. ಅವನಿಗೆ ಶಾರ್ಜಾದಲ್ಲಿ ಅಕೌಂಟ್ಸ್ ಕೆಲಸ. ಅವಳಿಗೆ 31 ವಾರದ ಬಸಿರು, ಚೊಚ್ಚಲು. ಸ್ಕ್ಯಾನಿಂಗ್ ಚೆನ್ನಾಗಿತ್ತು, ರಕ್ತದೊತ್ತಡ ಸರಿಯಿತ್ತು, ಡಾಕ್ಟರು ಬೇಡ ಎಂದಿರಲಿಲ್ಲ. ಮಗು ಹುಟ್ಟಿದ ಮೇಲೆ ಎಲ್ಲಿಗೂ ಹೋಗಲಾಗುವುದಿಲ್ಲ, ಮಸ್ಕತ್ತಿನಲ್ಲಿರುವ ಸ್ನೇಹಿತರ ಮನೆಗೆ ಎರಡು ದಿನ ಹೋಗಿ ಬರೋಣ ಎಂದು ಹೊರಟಿದ್ದಾರೆ. ಇದರಲ್ಲಿ ತಪ್ಪು ಹುಡುಕಬೇಡಿ. ಅಕ್ಕಪಕ್ಕದವರು ಆಮೇಲೆ ಬೇಕಾದಷ್ಟು ಹುಡುಕಿದರು.

ಬೆಳಗಿನಿಂದ ಅವಳಿಗೆ ಸೊಂಟ ಹಿಡಿದು ಬಿಡುತ್ತಿತ್ತಂತೆ. ಕಾರಿನಲ್ಲಿ ಕೂತಿದ್ದಕ್ಕೆ ಇರಬೇಕೆಂದು ಸುಮ್ಮನಾಗಿದ್ದಾಳೆ. ಗಡಿಯಲ್ಲಿ ರಜೆಯ ಸಾಲು. ಯುಎಇ ಕಡೆಯಲ್ಲಿ ಹೊರಹೋಗುವ ಮುದ್ರೆ ಬಿತ್ತು. ಒಮಾನಿನ ಕಿಟಕಿ ಮುಟ್ಟುವ ಮೊದಲು, ಎರಡೂ ಚೆಕ್‌ಪೋಸ್ಟಿನ ನಡುವೆ, ಎಂಜಿನ್ ಆನ್ ಇಟ್ಟುಕೊಂಡು ಇಂಚಿಂಚು ಸರಿಯುವ ಕಾರಿನಲ್ಲಿ ಅವಳಿಗೆ ನೀರು ಹೋಗಲು ಶುರುವಾಯಿತು. ಒಂದು ದೇಶದಿಂದ ಹೊರಬಿದ್ದಾಗಿದೆ, ಇನ್ನೊಂದಕ್ಕೆ ಸೇರಿಲ್ಲ. ಹಿಂದೆ ತಿರುಗಲು ಜಾಗವಿಲ್ಲ.

ಗಂಡ ಇಳಿದು ಓಡಿದ್ದಾನೆ. ಒಮಾನಿನ ಗಡಿಠಾಣೆ ನೋಡಿಕೊಳ್ಳುವವರು ಅಲ್ಲಿಯ ಪೊಲೀಸರೇ. ಮೀಸೆ ಚಿಗುರುತ್ತಿದ್ದ ಒಬ್ಬ ಹುಡುಗ, ಪಾಸ್‌ಪೋರ್ಟ್ ಹಿಡಿದ ಇವನ ಕೈ ನೋಡದೆ ಮುಖ ನೋಡಿ, ಪಾಸ್‌ಪೋರ್ಟು ಆಮೇಲೆ ಎಂದು ಕೈಸನ್ನೆ ಮಾಡಿ ಆಂಬುಲೆನ್ಸಿಗೆ ಫೋನ್ ಹಚ್ಚಿದನಂತೆ. ಸಾಲಿನಲ್ಲಿದ್ದ ಯಾರೋ ಹೆಂಗಸರು ತಮ್ಮ ಅಬಾಯಾಗಳನ್ನು ಅಡ್ಡ ಹಿಡಿದು ಕಾರಿಗೆ ಮರೆ ಮಾಡಿದರು. ಅವಳನ್ನು ನಮ್ಮಲ್ಲಿಗೆ ತಂದಾಗ ಅವಳು ಆ ದೇಶಕ್ಕೆ ಕಾನೂನಿನ ಲೆಕ್ಕದಲ್ಲಿ ಬಂದೇ ಇರಲಿಲ್ಲ. ಪಾಸ್‌ಪೋರ್ಟುಗಳು ಪ್ಲಾಸ್ಟಿಕ್ ಚೀಲವೊಂದರಲ್ಲಿ, ಮುದ್ರೆ ಒತ್ತಿಸಿಕೊಂಡು, ಪೊಲೀಸ್ ಗಾಡಿಯಲ್ಲಿ ಹಿಂದಿನಿಂದ ಬಂದವು. ಗಡಿಯವರ ಬಗ್ಗೆ ಜನ ಏನೇನೋ ಹೇಳುತ್ತಾರೆ. ನಾನು ಕಂಡಂತೆ ಹೆರಿಗೆ ನೋವಿನ ಮುಂದೆ ಗಟ್ಟಿಯಾಗಿ ನಿಂತ ಗೇಟು ಯಾವುದೂ ಇಲ್ಲ. ಗೇಟು ಬೀಳುವುದು ಆಮೇಲೆ, ಕಾಗದದ ಹಂತದಲ್ಲಿ. ಅದಕ್ಕೆ ಬರುತ್ತೇನೆ.

ಅದಕ್ಕೂ ಮೊದಲು ಬಸುರಿಯರಿಗೆ ಹೇಳುವುದೊಂದಿದೆ. ವಿಮಾನದಲ್ಲಿ ಹೋಗುವವರಿಗೆ 28 ವಾರ ದಾಟಿದರೆ ಸಾಮಾನ್ಯವಾಗಿ ಡಾಕ್ಟರ ಪತ್ರ ಕೇಳುತ್ತಾರೆ, 36 ದಾಟಿದರೆ ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದೇ ಇಲ್ಲ. ರಸ್ತೆಯ ಗಡಿಯಲ್ಲಿ ಯಾರೂ ಹೊಟ್ಟೆ ನೋಡಿ ವಾರ ಕೇಳುವುದಿಲ್ಲ. ಹಾಗಾಗಿ ಆ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬೇಕು. ಹಿಡಿದು ಬಿಡುವ ಸೊಂಟನೋವು, ಹೊಟ್ಟೆ ಕಲ್ಲಾಗಿ ಸಡಿಲಾಗುವುದು, ಕೆಳಗೆ ಒತ್ತಿದಂತಾಗುವುದು, ತೊಟ್ಟು ತೊಟ್ಟಾಗಿ ನೀರು, ಸ್ವಲ್ಪವೇ ಆದರೂ ರಕ್ತ: ಇವುಗಳಲ್ಲಿ ಒಂದು ಕಂಡರೂ ಗಡಿಯ ಕಡೆಗೆ ಹೋಗುತ್ತಿರುವ ಕಾರು ಆಸ್ಪತ್ರೆಯ ಕಡೆಗೆ ತಿರುಗಬೇಕು. ದಾರಿಯಲ್ಲೇ ಕೂಸು ಬಂದುಬಿಟ್ಟರೆ ಕಾರು ಓಡಿಸಬೇಡಿ, ನಿಲ್ಲಿಸಿ. ಯುಎಇಯಲ್ಲಿ 998, ಒಮಾನಿನಲ್ಲಿ 9999 ಒತ್ತಿ. ಎ.ಸಿ. ಆರಿಸಿ. ಕೂಸನ್ನು ಒಣಬಟ್ಟೆಯಿಂದ ಒರೆಸಿ, ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ತಲೆಗೂ ಬೆನ್ನಿಗೂ ಹೊದೆಸಿ. ಹೊಕ್ಕುಳಬಳ್ಳಿ ಕತ್ತರಿಸಲು ಹೋಗಬೇಡಿ, ಮಾಸು ಎಳೆಯಲು ಹೋಗಬೇಡಿ. ಮರುಭೂಮಿಯ ಬಿಸಿಲಿನಲ್ಲೂ ತಿಂಗಳು ತುಂಬದ ಕೂಸು ಚಳಿಗೆ ಸಾಯುತ್ತದೆ. ಅದರ ಮೈಯಲ್ಲಿ ಕೊಬ್ಬಿಲ್ಲ, ಒದ್ದೆ ಮೈಗೆ ಎ.ಸಿ. ಗಾಳಿ ತಾಗಿದರೆ ಸಾಕು.

ನಮ್ಮ ಹುಡುಗಿಗೆ ಬಂದ ತಕ್ಷಣ ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟೆವು. ಈ ಇಂಜೆಕ್ಷನ್ನಿನ ಮೂಲ ಕುರಿಮರಿಗಳಲ್ಲಿದೆ. ನ್ಯೂಜಿಲೆಂಡಿನ ಲಿಗಿನ್ಸ್ ಎಂಬ ಡಾಕ್ಟರು, ಅವಧಿಗೆ ಮುಂಚೆ ಹುಟ್ಟಿದ ಕುರಿಮರಿಗಳು ಈ ಔಷಧದಿಂದ ಉಸಿರಾಡುವುದನ್ನು ಕಂಡು, ಹೋವಿ ಎಂಬವರ ಜತೆ ಸೇರಿ ಬಸುರಿಯರಲ್ಲಿ ಪರೀಕ್ಷಿಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೂರ್ತಿ ಫಲ ಸಿಗಲು ಒಂದು ದಿನವಾದರೂ ಬೇಕು. ಬೆಳಗ್ಗೆ ಸೊಂಟ ಹಿಡಿದಾಗಲೇ ಬಂದಿದ್ದರೆ ಆ ದಿನದಲ್ಲಿ ಅರ್ಧ ಸಿಗುತ್ತಿತ್ತು. ಮಧ್ಯರಾತ್ರಿಗೆ ಹೆಣ್ಣುಕೂಸು ಬಂತು. ತೂಕ 1,460 ಗ್ರಾಂ. ಅತ್ತಿತು, ಆಮೇಲೆ ಉಸಿರಿಗೆ ಒದ್ದಾಡಿತು. ಮೂಗಿಗೆ ಉಸಿರಾಟಕ್ಕೆ ನೆರವಾಗುವ ಸಿ-ಪ್ಯಾಪ್ ಯಂತ್ರ ಹಾಕಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟೆವು.

ಊರಿನಿಂದ ಅಜ್ಜಿಯ ಫೋನು. ಅಳಿಯನ ಇಂಗ್ಲಿಷು ಡಾಕ್ಟರಿಗೆ ಸಾಕು, ಅಜ್ಜಿಗೆ ಉತ್ತರ ಕೊಡಲು ಮಾತ್ರ ಅವನಿಗೆ ಧೈರ್ಯವಿಲ್ಲ. ಫೋನು ನನ್ನ ಕೈಗೆ ಕೊಟ್ಟ. "ಏಳ್ರಲ್ಲಿ ಬಂದದ್ದೋ, ಎಂಟ್ರಲ್ಲಿ ಬಂದದ್ದೋ ಹೇಳವ್ವಾ" ಎಂದರು. ಏಳು ತುಂಬಿ ಎಂಟಕ್ಕೆ ಬಿದ್ದಿದೆ ಎಂದೆ. ಆ ಕಡೆ ಮಾತು ನಿಂತುಹೋಯಿತು.

ನಿಮಗೆಲ್ಲ ಗೊತ್ತಿರುವುದೇ. ಏಳರ ಕೂಸು ಉಳಿಯುತ್ತದೆ, ಎಂಟರ ಕೂಸು ಉಳಿಯುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ನಮ್ಮ ಕಡೆ ಮಾತ್ರವಲ್ಲ, ಹಳೆಯ ಗ್ರೀಕ್ ವೈದ್ಯರೂ ಇದನ್ನೇ ಬರೆದಿಟ್ಟಿದ್ದಾರೆ. ಇಷ್ಟು ದೂರ ದೂರದ ಜನ ಒಂದೇ ಸುಳ್ಳನ್ನು ನಂಬಿದ್ದು ನನಗೆ ಇಂದಿಗೂ ಸೋಜಿಗ. ಸತ್ಯ ನೇರವಾಗಿದೆ: ಒಳಗೆ ಇದ್ದಷ್ಟು ವಾರ ಲಾಭ. 30ಕ್ಕಿಂತ 31 ಮೇಲು, 31ಕ್ಕಿಂತ 34 ಮೇಲು. 37 ವಾರ ತುಂಬದ್ದನ್ನೆಲ್ಲ ಅವಧಿಪೂರ್ವ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಲ್ಲಿ ಹೀಗೆ ಹುಟ್ಟಿದವು ಸುಮಾರು 1 ಕೋಟಿ 34 ಲಕ್ಷ, ಅಂದರೆ ಹತ್ತರಲ್ಲಿ ಒಂದು. ಅದರಲ್ಲಿ 30 ಲಕ್ಷ ನಮ್ಮ ಭಾರತದವೇ. 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ, ತೂಕ ಎರಡು ಕಿಲೋ ಮೀರಿದ್ದರೂ, ಎರಡು ದಿನ ತುಂಬುವ ಮೊದಲೇ ತೀರಿಕೊಂಡ. ಶ್ವಾಸಕೋಶದ ಗಾಳಿಗೂಡುಗಳು ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಅವನಲ್ಲಿ ಸಾಕಷ್ಟು ಇರಲಿಲ್ಲ, ಹೊರಗಿನಿಂದ ಕೊಡುವ ವಿದ್ಯೆ ಆಗ ಯಾರಿಗೂ ಗೊತ್ತಿರಲಿಲ್ಲ. ಅಂದು ಅಧ್ಯಕ್ಷರ ಮಗನಿಗೆ ಸಿಗದ್ದು ಇಂದು ಶಾರ್ಜಾದ ಗುಮಾಸ್ತನ ಮಗಳಿಗೆ ಸಿಗುತ್ತದೆ. ಅಜ್ಜಿಗೆ ಇಷ್ಟೆಲ್ಲ ಹೇಳಲಿಲ್ಲ. "ಅಜ್ಜಿ, ಕೂಸು ಗಟ್ಟಿ ಇದೆ, ನೀವು ಟಿಕೆಟ್ ಮಾಡಿಸಿ" ಎಂದೆ.

ಅಜ್ಜಿಯ ವೀಸಾ ಹೆರಿಗೆಯ ದಿನ ಲೆಕ್ಕ ಹಾಕಿ ಮಾಡಬೇಕೆಂದಿದ್ದದ್ದು, ಅದೂ ಯುಎಇಗೆ. ಮಗಳು ಮೊಮ್ಮಗಳು ಇರುವುದು ಒಮಾನಿನಲ್ಲಿ. ಇಂಥ ಹೊತ್ತಿನಲ್ಲಿ ಬಾಣಂತನಕ್ಕೆ ಬರುವವರ ಚೀಲದ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ. ಅಂಟಿನುಂಡೆ, ಮೆಂತ್ಯದ ಪುಡಿ, ಒಣಶುಂಠಿ ತನ್ನಿ, ಯಾರೂ ಬೇಡ ಎನ್ನುವುದಿಲ್ಲ. ಗಸಗಸೆ ಮಾತ್ರ ಒಂದು ಕಾಳೂ ಬೇಡ. ಯುಎಇಯಲ್ಲೂ ಸೌದಿಯಲ್ಲೂ ಅದು ಮಾದಕವಸ್ತುವಿನ ಪಟ್ಟಿಗೆ ಸೇರಿದ್ದು, ವಿಮಾನ ನಿಲ್ದಾಣದಿಂದ ನೇರ ಜೈಲಿಗೆ ಹೋಗಬೇಕಾಗಬಹುದು. ಉಂಡೆಗೆ ಮೊದಲೇ ಬೆರೆಸಿದ್ದರೂ ಅಷ್ಟೇ. ಇನ್ನು ಬಜೆ ತೇಯ್ದು ನಾಲಿಗೆಗೆ ಸವರುವುದು, ಜೇನು ನೆಕ್ಕಿಸುವುದು, ಇವೆರಡನ್ನೂ ತಿಂಗಳು ತುಂಬದ ಕೂಸಿನ ಹತ್ತಿರ ತರಬೇಡಿ. 34 ವಾರದ ಆಸುಪಾಸಿನವರೆಗೆ ಕೂಸಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಬರುವುದಿಲ್ಲ. ಅದಕ್ಕೇ ನಾವು ತಾಯಿಯ ಹಾಲನ್ನೇ ಹಿಂಡಿ ತೆಗೆದು ನಳಿಗೆಯಲ್ಲಿ ಹನಿ ಹನಿಯಾಗಿ ಕೊಡುವುದು. ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯಬಹುದು.

ಅಜ್ಜಿ ಬರುವವರೆಗೆ ಅಜ್ಜಿಯ ಕೆಲಸ ಗಂಡನ ಪಾಲಿಗೆ ಬಂತು. ಅಂಗಿ ಬಿಚ್ಚಿ ಕೂಸನ್ನು ಎದೆಗೆ ಅಂಟಿಸಿಕೊಂಡು ಗಂಟೆಗಟ್ಟಲೆ ಕೂರು ಎಂದಾಗ ನಾಚಿಕೊಂಡ. ಕೂತ ಮೇಲೆ ಏಳಲೊಲ್ಲ. ಇದನ್ನು ಕಾಂಗರೂ ಆರೈಕೆ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ ಡಾಕ್ಟರ್ ಎಡ್ಗರ್ ರೇ ಸನಾಬ್ರಿಯಾ ಶುರು ಮಾಡಿದ್ದು. ಬಡವರ ಉಪಾಯ ಎಂದು ಮೊದಮೊದಲು ದೊಡ್ಡ ಆಸ್ಪತ್ರೆಗಳು ಮೂಗು ಮುರಿದವು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ, ಯಂತ್ರವಿರಲಿ ಬಿಡಲಿ, ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿ ಎಂದಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಆಸ್ಪತ್ರೆಯಿಂದ ಮನೆಯವರೆಗೆ ಇದನ್ನು ಮುಂದುವರಿಸುವ ಪ್ರಯೋಗ ದೊಡ್ಡ ಪ್ರಮಾಣದಲ್ಲಿ ನಡೆದು, ಹೊರದೇಶದವರೂ ಅದರ ಬಗ್ಗೆ ಓದುತ್ತಾರೆ. ಈ ಅಪ್ಪ ಎದೆಯ ಮೇಲಿನ ಮಗಳಿಗೆ ಕ್ರಿಕೆಟ್ ಸ್ಕೋರು ಹೇಳುತ್ತಿದ್ದ. ಮಾನಿಟರಿನಲ್ಲಿ ಆಮ್ಲಜನಕದ ಅಂಕಿ ಏರಿ ನಿಲ್ಲುತ್ತಿತ್ತು. ರಜೆ ಮುಗಿದ ಮೇಲೆ ಅವನು ಪ್ರತಿ ವಾರಾಂತ್ಯ ಗಡಿ ದಾಟಿ ಬಂದು ಹೋಗತೊಡಗಿದ.

ಇನ್ನು ಕಾಗದದ ಕಥೆ. ನಿಮ್ಮ ಸಂಘಗಳಿಗೆ ಬರೆಯಲು ಕಾರಣವೇ ಇದು.

ಊರಿನ ನೆಂಟರು ಕೇಳಿದ ಮೊದಲ ಪ್ರಶ್ನೆ, "ಅಲ್ಲೇ ಹುಟ್ಟಿದ್ರೆ ಅಲ್ಲಿಯ ಸಿಟಿಜನ್ ಆಗಲ್ವಾ?" ಅಮೆರಿಕದ ಕಥೆ ಕೇಳಿ ಕೇಳಿ ಎಲ್ಲರಿಗೂ ಹೀಗೇ ಅನ್ನಿಸುತ್ತದೆ. ಭಾರತೀಯ ತಂದೆತಾಯಿಗೆ ಒಮಾನಿನಲ್ಲಿ ಹುಟ್ಟಿದ ಕೂಸು ಒಮಾನಿಯಾಗುವುದಿಲ್ಲ, ಯುಎಇಯಲ್ಲಿ ಹುಟ್ಟಿದರೆ ಅಲ್ಲಿಯದೂ ಆಗುವುದಿಲ್ಲ. ಅದು ಭಾರತೀಯ ಕೂಸು, ಆದರೆ ತಾನಾಗಿಯೇ ಅಲ್ಲ. ನಮ್ಮ 1955ರ ಪೌರತ್ವ ಕಾಯ್ದೆಯ 4ನೇ ಕಲಮಿನ ಪ್ರಕಾರ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ಅಲ್ಲಿಯವರೆಗೆ ಆ 1,460 ಗ್ರಾಮಿಗೆ ಸ್ವಂತದ ದೇಶ ಎಂಬುದಿಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ತನ್ನ 7ನೇ ಕಲಮಿನಲ್ಲಿ, ಹುಟ್ಟಿದ ಕೂಡಲೇ ನೋಂದಣಿ, ಹೆಸರು, ರಾಷ್ಟ್ರೀಯತೆ ಮಗುವಿನ ಹಕ್ಕು ಎನ್ನುತ್ತದೆ. ಕೌಂಟರಿನಲ್ಲಿ ಕೂತವರು ಒಡಂಬಡಿಕೆ ಓದಿರುವುದಿಲ್ಲ, ಅವರಿಗೆ ಮದುವೆಯ ಸರ್ಟಿಫಿಕೇಟ್ ಬೇಕು.

ಮದುವೆಯ ಸರ್ಟಿಫಿಕೇಟ್ ಶಾರ್ಜಾದ ಫ್ಲ್ಯಾಟಿನ ಬೀರುವಿನಲ್ಲಿತ್ತು. ಫ್ಲ್ಯಾಟಿನ ಬೀಗದ ಕೈ ಗಂಡನ ಜೇಬಿನಲ್ಲಿ, ಗಂಡ ಒಮಾನಿನಲ್ಲಿ. ತಂದದ್ದಾಯಿತು. ಹೆಂಡತಿಗೆ ವೀಸಾ ಮಾಡಿಸುವಾಗ ಹಾಕಿಸಿದ ದೃಢೀಕರಣದ ಮುದ್ರೆಗಳೆಲ್ಲ ಯುಎಇಗಾಗಿ. ಒಮಾನಿನ ಕೌಂಟರು ಇನ್ನೊಂದು ಮುದ್ರೆ ಕೇಳಿತು. ಆಮೇಲೆ ಹೆಸರಿನ ಫಜೀತಿ. ಅರಬ್ಬಿಯಲ್ಲಿ ಪಕಾರವಿಲ್ಲ. ತಾಯಿಯ ಹೆಸರಿನ ಮೊದಲಕ್ಷರ ಪ. ಅರಬ್ಬಿಗೆ ಹೋಗಿ ಬಕಾರವಾಯಿತು, ಅಲ್ಲಿಂದ ಇಂಗ್ಲಿಷಿಗೆ ಬಂದಾಗಲೂ ಬಕಾರವಾಗಿಯೇ ಉಳಿಯಿತು. ಪಾಸ್‌ಪೋರ್ಟಿನಲ್ಲಿರುವ ತಾಯಿ ಒಬ್ಬಳು, ಜನನ ಪತ್ರದಲ್ಲಿರುವ ತಾಯಿ ಇನ್ನೊಬ್ಬಳು ಎಂದಾಯಿತು. ತಿದ್ದಿಸಲು ಮತ್ತೆ ಓಡಾಟ. ಮೊದಲ ದಿನವೇ ಪಾಸ್‌ಪೋರ್ಟಿನ ಅಕ್ಷರಗಳನ್ನು ಒಂದೊಂದಾಗಿ ಬರೆದುಕೊಟ್ಟು, ಆಸ್ಪತ್ರೆಯವರು ತುಂಬಿದ ಫಾರಂ ಓದಿ ನೋಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಹೆಸರು ಇಡುವುದೂ ಸುಲಭವಿರಲಿಲ್ಲ. ಎನ್‌ಐಸಿಯುವಿನಲ್ಲಿ ಎಲ್ಲ ಕೂಸುಗಳೂ ತಾಯಿಯ ಹೆಸರಿನಲ್ಲಿ ಬೇಬಿ ಆಫ್ ಇಂಥವಳು ಎಂದೇ ಇರುತ್ತವೆ. ದೂತಾವಾಸಕ್ಕೆ ನಿಜವಾದ ಹೆಸರು ಬೇಕು. ಊರಲ್ಲಿ ಸೂತಕ ಕಳೆದು, ಜಾತಕ ಬರೆಸಿ, ನಕ್ಷತ್ರದ ಅಕ್ಷರ ನೋಡಿ ಇಡಬೇಕು. ಒಮಾನಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಹುಟ್ಟಿದ್ದು ಮಧ್ಯರಾತ್ರಿಯ ಹಿಂಚುಮುಂಚಿಗೆ. ಯಾವ ದಿನ ಹಿಡಿಯುವುದು ಎಂದು ಅಜ್ಜಿ ಪುರೋಹಿತರನ್ನು ಕೇಳಿದರೆ, ಅವರು ಸೊಹಾರಿನ ಅಕ್ಷಾಂಶ ರೇಖಾಂಶ ಕಳಿಸಿ ಎಂದರಂತೆ. ಪುರೋಹಿತರು ದೂತಾವಾಸಕ್ಕಿಂತ ಬೇಗ ಕೆಲಸ ಮುಗಿಸಿಕೊಟ್ಟರು ಎಂಬುದನ್ನು ಹೇಳಲೇಬೇಕು.

ಪಾಸ್‌ಪೋರ್ಟಿಗೆ ಫೋಟೋ ಬೇಕು. ಬಿಳಿ ಹಿನ್ನೆಲೆ, ಕಣ್ಣು ತೆರೆದಿರಬೇಕು, ಮುಖದ ಮೇಲೆ ಏನೂ ಇರಬಾರದು. ನಮ್ಮ ಕೂಸಿನ ಮೂಗಿನಲ್ಲಿ ಹಾಲಿನ ನಳಿಗೆ, ಕೆನ್ನೆಗೆ ಅದರ ಪ್ಲಾಸ್ಟರು. ನಳಿಗೆ ಬದಲಾಯಿಸುವ ಹೊತ್ತಿಗೆ ಕಾದು, ಹಳೆಯದು ತೆಗೆದು ಹೊಸದು ಹಾಕುವ ಮೊದಲಿನ ಎರಡು ನಿಮಿಷದಲ್ಲಿ ಫೋಟೋ ತೆಗೆಯಬೇಕು. ಒಬ್ಬಳು ಬಿಳಿ ಬೆಡ್‌ಶೀಟ್ ಎಳೆದು ಹಿಡಿದಳು, ನಾನು ಕತ್ತಿನ ಹಿಂದೆ ಬೆರಳು ಕೊಟ್ಟೆ, ಫಿಲಿಪೀನ್ಸಿನ ಇನ್ನೊಬ್ಬಳು ಫೋನು ಹಿಡಿದು ನಾಲಿಗೆಯಿಂದ ಟಕ್ ಟಕ್ ಸದ್ದು ಮಾಡಿದಳು. ಕೂಸು ಒಂದು ಕಣ್ಣು ತೆರೆಯಿತು. ಇನ್ನೊಂದಕ್ಕೆ ಮರುದಿನದ ನಳಿಗೆಯವರೆಗೆ ಕಾದೆವು. ಅರ್ಜಿಗೆ ಹೆಬ್ಬೆಟ್ಟು ಒತ್ತಿಸುವಾಗ ಅದು ಕಡಲೆಬೇಳೆಗಿಂತ ದೊಡ್ಡದಿರಲಿಲ್ಲ. ಗೆರೆಗಳು ಮೂಡಿದವೋ ಇಲ್ಲವೋ, ಶಾಯಿಯಂತೂ ಮೂಡಿತು.

ಅದು ಆದ ಮೇಲೆ ಒಮಾನಿನಿಂದ ಹೊರಡಲು, ಯುಎಇಗೆ ಒಳಬರಲು ಮಗುವಿಗೆ ಬೇರೆಯೇ ಅನುಮತಿ. ಶಾರ್ಜಾದಲ್ಲೇ ಹುಟ್ಟಿದ್ದರೆ ರೆಸಿಡೆನ್ಸ್ ವೀಸಾ ಮಾಡಿಸಲು 120 ದಿನದ ಕಾಲಾವಕಾಶ ಇರುತ್ತಿತ್ತು, ಮಗು ಮನೆಯಲ್ಲೇ ಇರುತ್ತಿತ್ತು. ಹೊರಗೆ ಹುಟ್ಟಿದ ಕೂಸು ಮೊದಲು ಒಳಗೆ ಬರಬೇಕು. ಅದಕ್ಕೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟಿಗೆ ಜನನ ಪತ್ರ ಬೇಕು, ಜನನ ಪತ್ರಕ್ಕೆ ಬೀರುವಿನ ಕಾಗದ ಬೇಕು. ದೂತಾವಾಸ ಇರುವುದು ಮಸ್ಕತ್ತಿನಲ್ಲಿ, ನಮ್ಮಲ್ಲಿಂದ ಇನ್ನೂರು ಕಿಲೋಮೀಟರಿನ ಆಸುಪಾಸು. ತಾಯಿಯ ಒಮಾನ್ ಪ್ರವೇಶದ ಅವಧಿ ಮುಗಿಯುತ್ತ ಬಂದು ಅದನ್ನೂ ವಿಸ್ತರಿಸಬೇಕಾಯಿತು. ಇನ್ಶೂರೆನ್ಸು ಇತ್ತು, ಕಾರ್ಡಿನ ಮೇಲೆ ದೇಶದ ಹೆಸರೂ ಇತ್ತು, ಆ ದೇಶ ಇದಲ್ಲ. ದುಬೈ ಕಡೆಯ ಪಾಲಿಸಿಗಳಲ್ಲಿ ಮಗುವನ್ನು ಮೊದಲ 30 ದಿನ ತಾಯಿಯ ಪಾಲಿಸಿಯಲ್ಲೇ ನೋಡಿಕೊಳ್ಳುವ ಕ್ರಮವಿದೆ. ಗಡಿಯಾಚೆಗೂ ಅದು ನಡೆಯುತ್ತದೆ ಎಂದು ಯಾರೂ ತಿಳಿಯಬೇಡಿ, ಹೊರಡುವ ಮುಂಚೆ ಪಾಲಿಸಿಯಲ್ಲಿ ಯಾವ ದೇಶಗಳಿವೆ ಎಂದು ಓದಿ.

ಇಂಥ ಪ್ರಸಂಗ ನಮ್ಮ ನೆರೆಯಲ್ಲೂ ಆಗಿದೆ. 2021ರ ಡಿಸೆಂಬರಿನಲ್ಲಿ ಅಟ್ಟಾರಿ ಗಡಿಯಲ್ಲಿ, ಕಾಗದ ಸರಿಯಿಲ್ಲವೆಂದು ಊರಿಗೆ ಮರಳಲಾಗದೆ ಬಯಲಲ್ಲಿ ಬೀಡುಬಿಟ್ಟಿದ್ದ ಪಾಕಿಸ್ತಾನಿ ಹಿಂದೂ ಯಾತ್ರಿಕರ ಗುಂಪಿನಲ್ಲಿ ಒಂದು ಗಂಡು ಮಗು ಹುಟ್ಟಿತು. ತಂದೆತಾಯಿ ಅದಕ್ಕೆ ಬಾರ್ಡರ್ ಎಂದೇ ಹೆಸರಿಟ್ಟರು. ಪತ್ರಿಕೆಗಳಿಗೆ ಅದು ಮುದ್ದಾದ ಸುದ್ದಿಯಾಯಿತು. ನನಗೆ ಆ ತಾಯಿ ಚಳಿಗಾಲದ ಪಂಜಾಬಿನ ಬಯಲಿನಲ್ಲಿ ಮಗುವಿನ ಮೈ ಹೇಗೆ ಬೆಚ್ಚಗಿಟ್ಟಳು ಎಂಬುದೇ ಚಿಂತೆ.

ಕಾಗದ ತಡವಾದರೆ ಏನು ಮಹಾ, ಸ್ವಲ್ಪ ದಂಡ ಕಟ್ಟಿದರಾಯಿತು ಎನ್ನುವವರಿದ್ದಾರೆ. ಅವರಿಗೆ ಕಣ್ಣಿನ ವಿಷಯ ಹೇಳಬೇಕು. ತುಂಬ ಬೇಗ ಹುಟ್ಟಿದ ಕೂಸಿನ ಕಣ್ಣಿನ ಅಕ್ಷಿಪಟಲದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಹುಟ್ಟಿದ ಮೇಲೆ ಅವು ಅಡ್ಡಾದಿಡ್ಡಿ ಬೆಳೆದು ಪಟಲವನ್ನೇ ಎಳೆದುಬಿಡಬಹುದು. ಆರ್‌ಒಪಿ ಎನ್ನುತ್ತಾರೆ. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಭಾರತದಲ್ಲಿ 34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆಯ ಕೂಸುಗಳಿಗೆ ಹುಟ್ಟಿದ ನಾಲ್ಕು ವಾರದೊಳಗೆ ಮೊದಲ ಪರೀಕ್ಷೆ ಮಾಡುತ್ತಾರೆ, ಆಮೇಲೆ ಒಂದೆರಡು ವಾರಕ್ಕೊಮ್ಮೆ ಮತ್ತೆ ನೋಡುತ್ತಾರೆ. ಬೇಕೆಂದಾಗ ಲೇಸರ್ ಕೊಡಲು ಇರುವ ಸಮಯ ಕೆಲವೇ ದಿನ. ತಪ್ಪಿದರೆ ಕಣ್ಣು ಹೋಗುತ್ತದೆ, ಮತ್ತೆ ಬರುವುದಿಲ್ಲ. ಒಂದು ದೇಶದ ಆಸ್ಪತ್ರೆ ಬರೆದುಕೊಟ್ಟ ಎರಡನೆಯ ಪರೀಕ್ಷೆಯ ತಾರೀಖು, ಇನ್ನೊಂದು ದೇಶದ ಪ್ರವೇಶ ಪತ್ರ ಕಾಯುವ ಗಲಾಟೆಯಲ್ಲಿ ಹಾಗೇ ದಾಟಿಹೋದ ಒಂದು ಗಂಡು ಕೂಸನ್ನು ನಾನು ಬಲ್ಲೆ. ಅವನಿಗೀಗ ಒಂದೇ ಕಣ್ಣು ಕಾಣುತ್ತದೆ. ಡಿಸ್ಚಾರ್ಜ್ ಸಮ್ಮರಿಯ ಎರಡನೆಯ ಪುಟದಲ್ಲಿ ತಾರೀಖು ದೊಡ್ಡದಾಗಿಯೇ ಇತ್ತು. ತಂದೆತಾಯಿಗೆ ಅದು ಎಷ್ಟು ತುರ್ತು ಎಂದು ಅವರ ಭಾಷೆಯಲ್ಲಿ ಕೂರಿಸಿ ಹೇಳಿದವರಿರಲಿಲ್ಲ.

ಊರಿಗೆ ಕರೆದುಕೊಂಡು ಹೋಗುವವರಿಗೂ ಇದು ಗೊತ್ತಿರಲಿ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ ನಡೆಸುತ್ತಿರುವ ಕಿಡ್ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ ಜಿಲ್ಲೆಯ ಆಸ್ಪತ್ರೆಗಳಿಗೆ ಹೋಗಿ ಕೂಸುಗಳ ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳಿಸುತ್ತಾರೆ. ನಮ್ಮ ರಾಜ್ಯದ ಹಳ್ಳಿಯ ಕೂಸಿಗೆ ಸಿಗುವ ಈ ನಿಗಾ, ಎರಡು ಶ್ರೀಮಂತ ದೇಶಗಳ ನಡುವೆ ಸಿಕ್ಕಿಕೊಂಡ ಕೂಸಿಗೆ ತಪ್ಪುತ್ತದೆ.

ಹಾಸನದವರ ಕೂಸಿನ ಕಣ್ಣು ಉಳಿಯಿತು. ಅದಕ್ಕೆ ಕಾರಣ ಸೊಹಾರಿನಲ್ಲಿ ಬೇಕರಿ ನಡೆಸುವ ಭಟ್ಕಳದ ಒಬ್ಬರು. ಕನ್ನಡ ಮಾತಾಡುವವರು ಯಾರಾದರೂ ಇದ್ದಾರೆಯೇ ಎಂದು ನಾನು ವಿಚಾರಿಸಿದಾಗ ಸಿಕ್ಕವರು. ತಾಯಿ ಡಿಸ್ಚಾರ್ಜ್ ಆದ ದಿನ ತಮ್ಮ ಮನೆಯ ಒಂದು ಕೋಣೆ ಬಿಟ್ಟುಕೊಟ್ಟರು. ಅವರ ಹೆಂಡತಿ ಬಿಸಿನೀರು ಕಾಯಿಸಿ, ಗಂಜಿ ಬೇಯಿಸಿ, ಅಜ್ಜಿ ಬರುವವರೆಗೆ ಆ ಹುಡುಗಿಯನ್ನು ಮಗಳಂತೆ ನೋಡಿಕೊಂಡರು. ಅವರ ಮಗ ಅರಬ್ಬಿ ಫಾರಂಗಳನ್ನು ಓದಿ ತುಂಬಿದ. ಕಣ್ಣಿನ ಪರೀಕ್ಷೆಯ ತಾರೀಖನ್ನು ಬೇಕರಿಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟು, ಆ ದಿನ ಅವರೇ ವ್ಯಾನಿನಲ್ಲಿ ಕರೆದುಕೊಂಡು ಬಂದರು. ಆ ಮನೆಯವರು ನಿಮ್ಮ ಯಾವ ಸಂಘದ ಸದಸ್ಯರೂ ಅಲ್ಲ. ಯಾರೂ ಅವರನ್ನು ಕರೆದಿರಲಿಲ್ಲ.

ಪದಾಧಿಕಾರಿಗಳೇ, ನಾನು ಕೇಳುತ್ತಿರುವುದು ದುಡ್ಡಲ್ಲ. ಗಡಿಯ ಎರಡೂ ಕಡೆಯ ಊರುಗಳಲ್ಲಿ, ಹತ್ತಾ, ಕಲ್ಬಾ, ಅಲ್ ಐನ್, ಬುರೈಮಿ, ಶಿನಾಸ್, ಸೊಹಾರ್ ಹೀಗೆ, ರಾತ್ರಿ ಫೋನೆತ್ತುವ ಕನ್ನಡದವರ ಪಟ್ಟಿಯೊಂದನ್ನು ಮಾಡಿ. ಸೌದಿ ಬಹರೈನ್ ನಡುವಿನ ಸೇತುವೆಯ ಎರಡೂ ತುದಿಗೂ ಅದು ಬೇಕು. ಅರಬ್ಬಿ ಓದುವವರು ಯಾರು, ಕಾರಿರುವವರು ಯಾರು, ರಕ್ತ ಕೊಡುವವರು ಯಾರು, ಬಾಣಂತಿಗೆ ಒಂದು ಕೋಣೆ ಬಿಡಬಲ್ಲವರು ಯಾರು ಎಂದು ಬರೆದಿಡಿ. ತುಳು, ಬ್ಯಾರಿ, ಕೊಂಕಣಿ, ನವಾಯತಿ ಮಾತಾಡುವವರನ್ನೂ ಸೇರಿಸಿ. ಹೆರಿಗೆಯ ಹೊತ್ತಿನಲ್ಲಿ ಯಾರ ಮನೆಮಾತು ಯಾವುದೆಂದು ಯಾರೂ ಕೇಳುವುದಿಲ್ಲ. ಮದುವೆಯಾಗಿ ಹೊಸದಾಗಿ ಬರುವ ಜೋಡಿಗಳಿಗೆ ರಾಜ್ಯೋತ್ಸವದಲ್ಲಿ ಶಾಲು ಹೊದೆಸುವ ಬದಲು ಒಂದು ಫೈಲು ಕೊಡಿ. ಮದುವೆಯ ಸರ್ಟಿಫಿಕೇಟಿನ ದೃಢೀಕರಿಸಿದ ಪ್ರತಿ, ಇಬ್ಬರ ಪಾಸ್‌ಪೋರ್ಟಿನ ಪ್ರತಿ, ರಕ್ತದ ಗುಂಪು, ಬಸುರಿಯ ತಪಾಸಣೆಯ ಪುಸ್ತಕ, ಇನ್ಶೂರೆನ್ಸ್ ಕಾಗದ, ಇಷ್ಟು ಅದರಲ್ಲಿ ಸದಾ ಇರಲಿ, ಕಾರು ಹತ್ತುವಾಗ ಅದೂ ಹತ್ತಲಿ. ಅವುಗಳ ಫೋಟೋ ಊರಿನ ಒಬ್ಬರ ಫೋನಿನಲ್ಲೂ ಇರಲಿ. ನಿಮ್ಮಲ್ಲಿ ಡಾಕ್ಟರು, ನರ್ಸುಗಳಿಗೆ ಕೊರತೆಯಿಲ್ಲ. ವರ್ಷಕ್ಕೊಮ್ಮೆ ಅವರಿಗೆ ಸನ್ಮಾನ ಮಾಡುವ ಹೊತ್ತಿನಲ್ಲಿ ಅರ್ಧ ಗಂಟೆ ಮೈಕು ಕೊಟ್ಟು ಮಾತಾಡಲು ಬಿಡಿ.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ, ಹಾಡುಗಾರರ ಟಿಕೆಟಿನ ಚರ್ಚೆಗೆ ಮೊದಲು ಈ ಪತ್ರ ಓದಿ. ಪಟ್ಟಿ ಸಿದ್ಧವಾದಾಗ ಅದರಲ್ಲಿ ನನ್ನ ಹೆಸರೂ ಸೇರಿಸಿ. ಈಗ ಊರಿನಲ್ಲಿದ್ದೇನೆ, ಗಡಿಗೆ ಬರಲಾಗುವುದಿಲ್ಲ. ಫೋನಿನಲ್ಲಿ ಕನ್ನಡದಲ್ಲೂ ತುಳುವಿನಲ್ಲೂ ಯಾವ ಹೊತ್ತಿಗೆ ಬೇಕಾದರೂ ಮಾತಾಡುತ್ತೇನೆ.

ಇತಿ ನಿಮ್ಮ,
ಪುತ್ತೂರಿನ ಒಬ್ಬ ನಿವೃತ್ತ ನರ್ಸು